ಹೆತ್ತವಳು ಹೊರಗೆ, ಮೂರು ತಿಂಗಳ ಹೆಂಡತಿ ಒಳಗೆ

ಮಕ್ಕಳ ರಕ್ಷಣಾ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಕಚೇರಿ ನನ್ನನ್ನು ಒಂದು ಮಗುವಿನ ತಾಯಿ ಎಂದು ಕರೆಯುತ್ತಿದೆ. ದಯವಿಟ್ಟು ನಿಲ್ಲಿಸಿ. ಆ ಮಗುವಿಗೆ ತಾಯಿ ಇದ್ದಾರೆ. ಬದುಕಿದ್ದಾರೆ, ಗಟ್ಟಿಮುಟ್ಟಾಗಿದ್ದಾರೆ, ಇದೇ ಊರಿನಲ್ಲಿದ್ದಾರೆ. ಅವರ ಮನೆಯಲ್ಲಿ ಮಗುವಿನ ಮಂಚ ಹಾಸಿಗೆ ಸಮೇತ ಖಾಲಿ ಬಿದ್ದಿದೆ. ಮಗು ಮಾತ್ರ ನಿಮ್ಮ ಆದೇಶದಂತೆ ಊರಿನ ಇನ್ನೊಂದು ತುದಿಯಲ್ಲಿ, ಮುಖ ಪರಿಚಯವೂ ಇಲ್ಲದವರ ಮನೆಯಲ್ಲಿ ಮಲಗುತ್ತಿದೆ. ಯಾಕೆ ಎಂದು ಕೇಳಿದರೆ ನಿಮ್ಮವರ ಉತ್ತರ ಒಂದೇ: ತಾಯಿ ಮಗುವಿನ ಜೊತೆ ಒಂದೇ ಮನೆಯಲ್ಲಿ ವಾಸವಾಗಿಲ್ಲ. ನಾನು ವಾಸವಾಗಿದ್ದೇನೆ. ಆದ್ದರಿಂದ ನೋಟಿಸು ನನಗೆ, ಸಭೆಯಲ್ಲಿ ಕುರ್ಚಿ ನನಗೆ, ವಾರಕ್ಕೊಮ್ಮೆ ಮಗುವಿನ ಮುಖ ನೋಡುವ ಹಕ್ಕು ನನಗೆ. ಹೆತ್ತವರಿಗೆ ನಿಮ್ಮ ಕಾರಿಡಾರು.

ನಾನು ಯಾರೆಂದು ಮೊದಲೇ ಹೇಳಿಬಿಡುತ್ತೇನೆ. ಮದುವೆಯಾಗಿ ಮೂರು ತಿಂಗಳಾದವಳು. ಯಾರಾದರೂ ಗಂಡನ ಹೆಸರು ಹಿಡಿದು ಮಿಸೆಸ್ ಎಂದು ಕೂಗಿದರೆ, ಅತ್ತೆ ಬಂದರೇನೋ ಎಂದು ಇನ್ನೂ ಹಿಂದೆ ತಿರುಗಿ ನೋಡುವವಳು. 'ನಮ್ಮವರು' ಎಂದು ಬರೆಯುವುದಕ್ಕೇ ಒಂದು ನೆಪ ಹುಡುಕುವವಳು. ಈ ಪತ್ರದಲ್ಲೂ ಎಷ್ಟು ಸಲ ಬರುತ್ತದೋ ನನಗೇ ಗೊತ್ತಿಲ್ಲ, ಸಹಿಸಿಕೊಳ್ಳಿ. ಓದಿದ್ದೆಲ್ಲ ಇಂಗ್ಲಿಷ್ ಮಾಧ್ಯಮದಲ್ಲಿ. ತಪ್ಪಾದಾಗ 'ಸಾರಿ' ಎಂದು ಮುಂದೆ ಹೋಗುವುದು ಶಾಲೆಯಲ್ಲಿ ಕಲಿತ ಅಭ್ಯಾಸ. ಈ ಸಲದ ನಾಚಿಕೆ ಆ ಪುಟ್ಟ ಪದದಲ್ಲಿ ಹಿಡಿಸಲಿಲ್ಲ. ಹಾಗಾಗಿ ಅಮ್ಮನ ಹತ್ತಿರ ಬೈಸಿಕೊಂಡ ಭಾಷೆಯಲ್ಲಿ, ಎಲ್ಲರೆದುರು ಬರೆಯುತ್ತಿದ್ದೇನೆ.

ನಮ್ಮವರದು ಫೋಟೋಗಳಿಗೆ, ಚಿತ್ರಗಳಿಗೆ ಫ್ರೇಮು ಹಾಕಿಕೊಡುವ ಅಂಗಡಿ. ಮುಂದಿನ ಗೋಡೆಯ ತುಂಬ ಫ್ರೇಮುಗಳ ಮಾದರಿ ಮೂಲೆಗಳು, ನಡುವೆ ಗಾಜು ಕತ್ತರಿಸುವ ಮೇಜು, ಹಿಂಭಾಗದಲ್ಲಿ ಆಳೆತ್ತರದ ರಟ್ಟಿನ ಹಾಳೆಗಳು. ನನ್ನ ಪದವಿ ಪತ್ರಕ್ಕೆ ಫ್ರೇಮು ಹಾಕಿಸಲು ಹೋಗಿ ಪರಿಚಯವಾದದ್ದು. ಫ್ರೇಮು ಸ್ವಲ್ಪ ಓರೆಯಾಗಿತ್ತು, ಮನುಷ್ಯ ನೆಟ್ಟಗಿದ್ದರು. ಮೊದಲು ಒಂದು ಮದುವೆಯಾಗಿತ್ತೆಂದೂ ಎಂಟು ವರ್ಷದ ಮಗಳಿದ್ದಾಳೆಂದೂ ಬಿಲ್ಲು ಬರೆಯುವ ಮುಂಚೆಯೇ ಹೇಳಿದ್ದರು. ಆ ಮದುವೆ ಮುಗಿದದ್ದರಲ್ಲಿ ತಟ್ಟೆ ಲೋಟ ಹಾರಿದ ಕಥೆಯೇನೂ ಇಲ್ಲ. ನ್ಯಾಯಾಲಯ ಇಬ್ಬರನ್ನೂ ಮಗುವಿನ ಪೋಷಕರೆಂದೇ ಇಟ್ಟಿತ್ತು, ಇಂದಿಗೂ ಇಟ್ಟಿದೆ. ಈ 'ಇಂದಿಗೂ' ಎಂಬುದರ ಕೆಳಗೆ ನೀವೊಂದು ಗೆರೆ ಎಳೆದುಕೊಂಡರೆ ಉಪಕಾರ.

ಮಗಳು ಕೂತಲ್ಲಿ ಕೂರದವಳು. ಹಾಗಾಗಿ ಎಲ್ಲರಿಗೂ ಅವಳು ಗಿರಗಿಟ್ಲೆ. ಗಿರಗಿಟ್ಲೆ ಹುಟ್ಟಿದಾಗಿನಿಂದ ಬೆಳೆದದ್ದು ಅಮ್ಮನ ಹತ್ತಿರ. ಅಮ್ಮ ಆಂಬುಲೆನ್ಸ್ ಓಡಿಸುತ್ತಾರೆ. ಆರು ತಿಂಗಳ ಹಿಂದೆ ಅವರನ್ನು ರಾತ್ರಿ ಪಾಳಿಗೆ ಹಾಕಿದ್ದರಿಂದ, ಶಾಲೆಗೆ ಹತ್ತಿರವಾದ ಅಪ್ಪನ ಮನೆಯಲ್ಲಿ ವಾರವಿಡೀ ಇದ್ದು, ಶನಿವಾರ ಸಂಜೆ ಅಮ್ಮನ ಮನೆಗೆ ಹೋಗಲಿ ಎಂದು ಇಬ್ಬರೂ ಮಾತಾಡಿಕೊಂಡರು. ಅಷ್ಟೇ. ಪಾಳಿ ಬದಲಾಯಿತು. ಆ ಒಂದು ಬದಲಾವಣೆಗೆ ತಾನು ನಿಮ್ಮ ಲೆಕ್ಕದಲ್ಲಿ ತಾಯಿತನದಿಂದಲೇ ವರ್ಗವಾಗಿಬಿಡುತ್ತೇನೆಂದು ಆ ಹೆಂಗಸಿಗೆ ಹೇಗೆ ಗೊತ್ತಾಗಬೇಕು?

ಗಂಡನ ತಮ್ಮನ ಹೆಂಡತಿಯನ್ನು ಓರಗಿತ್ತಿ ಎನ್ನುತ್ತೇವೆ, ಹೆಂಡತಿಯ ತಂಗಿಯ ಗಂಡನನ್ನು ಷಡ್ಡಕ ಎನ್ನುತ್ತೇವೆ. ಗಂಡನ ಹಿಂದಿನ ಹೆಂಡತಿಯನ್ನು ಏನೆನ್ನಬೇಕು? ಇರುವುದೊಂದು ಪದ, ಅದು ಬಾಯಲ್ಲಿ ಆಡುವಂಥದ್ದಲ್ಲ, ನಿಜವೂ ಅಲ್ಲ. ಮೊದಲ ಸಲ ಭೇಟಿಯಾದಾಗ ತಡವರಿಸಿ 'ಅಕ್ಕ' ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸರಿ, ಅಕ್ಕನೇ ಇರ್ಲಿ. ಆಂಟಿ ಅನ್ಲಿಲ್ವಲ್ಲ, ಪುಣ್ಯ" ಎಂದು ನಕ್ಕರು. ಅಂದಿನಿಂದ ಅವರು ನನಗೆ ಅಕ್ಕ.

ಈಗ ನಡೆದದ್ದು. ನಮ್ಮ ಮದುವೆಯ ನಂತರ ಅಕ್ಕ ಅಂಗಡಿಯೊಳಗೆ ಕಾಲಿಡುವುದನ್ನು ಬಿಟ್ಟಿದ್ದರು. ಹೊಸ ಹೆಂಡತಿಗೆ ಇರಿಸುಮುರಿಸಾಗಬಾರದೆಂಬ ಸಂಕೋಚ. ಶನಿವಾರ ಸಂಜೆ ಎದುರಿನ ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಕೈ ಬೀಸುವರು. ವಾಹನ ಓಡಾಡದ ಓಣಿ ಅದು, ಗಿರಗಿಟ್ಲೆ ಬ್ಯಾಗು ಹೆಗಲಿಗೇರಿಸಿ ಓಡುವಳು. ಯಾರೂ ಯಾರ ಜೊತೆಗೂ ಮಾತಾಡುವ ಪ್ರಸಂಗವೇ ಬರುತ್ತಿರಲಿಲ್ಲ. ಇದನ್ನು ನಾವು ಮೂವರೂ ಸಭ್ಯತೆ ಎಂದು ತಿಳಿದಿದ್ದೆವು.

ಆ ಶನಿವಾರ ಮಧ್ಯಾಹ್ನ ಅಕ್ಕ ನನಗೆ ಫೋನ್ ಮಾಡಿದರು. "ಇವತ್ತು ನನ್ನ ರಜೆ ರದ್ದು ಮಾಡಿ ಸಂಜೆಯಿಂದ್ಲೇ ಡ್ಯೂಟಿ ಹಾಕಿದ್ದಾರೆ ಕಣಮ್ಮ, ಬರಕ್ಕಾಗಲ್ಲ. ನಾಳೆ ಬೆಳಗ್ಗೆ ಮನೆಗೇ ಬಂದು ಕರ್ಕೊಂಡ್ ಹೋಗ್ತೀನಿ. ಅವರಿಗೆ ಹೇಳ್ಬಿಡ್ತೀಯಾ?"

"ಅಯ್ಯೋ ಅಕ್ಕ, ಅದೇನ್ ಮಹಾ, ಹೇಳ್ತೀನಿ" ಎಂದೆ.

ಹೇಳಲಿಲ್ಲ. ಆ ಸಂಜೆ ನಮ್ಮವರ ಗೆಳೆಯರು ನಮಗೆ ಔತಣ ಇಟ್ಟುಕೊಂಡಿದ್ದರು. ನಾನು ಒಂದೊಂದು ಕಿವಿಗೆ ಒಂದೊಂದು ಬಗೆಯ ಓಲೆ ಹಾಕಿಕೊಂಡು, ಎರಡೂ ಬದಿಯಿಂದ ಫೋಟೋ ತೆಗೆದು ಅಂಗಡಿಗೆ ಕಳಿಸುತ್ತಿದ್ದೆ. ನಮ್ಮವರು ಗಾಜು ಬದಿಗಿಟ್ಟು ಎಡದ್ದೋ ಬಲದ್ದೋ ಎಂದು ತೀರ್ಪು ಕೊಡುತ್ತಿದ್ದರು. ಅಷ್ಟರಲ್ಲಿ ಗಿರಗಿಟ್ಲೆ ಹಿಂದೆ ಹೋಗಿ ರಟ್ಟಿನ ಹಾಳೆಗಳ ನಡುವೆ ಮನೆ ಮಾಡಿಕೊಂಡು, ಬ್ಯಾಗನ್ನೇ ದಿಂಬಾಗಿಸಿಕೊಂಡು ನಿದ್ದೆ ಹೋಗಿದ್ದಳು. ಅವರು ತಲೆಯೆತ್ತಿ ನೋಡಿದರೆ ಹುಡುಗಿಯೂ ಇಲ್ಲ, ಬ್ಯಾಗೂ ಇಲ್ಲ. ಶನಿವಾರ ಸಂಜೆ ಬೇರೆ. ಅಮ್ಮ ಬಂದು ಕೈ ಬೀಸಿರಬೇಕು, ಓಡಿರಬೇಕು. ಶಟರ್ ಎಳೆದು ಬೀಗ ಹಾಕಿ ಬಂದರು. ನಾವು ಔತಣಕ್ಕೆ ಹೋದೆವು. ಪಕ್ಕದ ಚಪ್ಪಲಿ ಅಂಗಡಿಯವರು ಶಟರನ್ನು ಒಳಗಿಂದ ಬಡಿಯುವ ಸದ್ದು ಕೇಳಿ ನಮಗೆ ಫೋನ್ ಮಾಡಿದರಂತೆ. ನಮ್ಮ ಫೋನುಗಳು ನನ್ನ ಪರ್ಸಿನೊಳಗೆ ಸುಮ್ಮನೆ ಬೆಳಗಿ ಆರುತ್ತಿದ್ದವು. ಕೊನೆಗೆ ಪೊಲೀಸರನ್ನು ಕರೆದರು. ಬೀಗ ಒಡೆದು ಹೊರಗೆ ಕರೆತಂದಾಗ ಮಗು ಅಳುತ್ತಿರಲಿಲ್ಲವಂತೆ. ಅತ್ತು ಮುಗಿದಿತ್ತು.

ಆದ್ದರಿಂದ ಆ ಸಂಜೆ ನೀವು ಮಗುವನ್ನು ನಮ್ಮಿಂದ ದೂರ ಕರೆದೊಯ್ದದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ, ಮೇಲೆ ನಾಲ್ಕು ಮಾತು ಬೈಯುತ್ತಿದ್ದೆ ಕೂಡ. ನನ್ನ ಪ್ರಶ್ನೆ ಬೇರೆ. ಅಪ್ಪನ ಮನೆಯಿಂದ ತೆಗೆದ ಮಗುವನ್ನು ಒಯ್ಯಲು ನಿಮಗೆ ಮೊದಲು ಹೊಳೆಯಬೇಕಾದ ಜಾಗ ಯಾವುದು? ಅಮ್ಮನ ಮನೆ ಎಂದು ಚಿಕ್ಕ ಮಗುವೂ ಹೇಳುತ್ತದೆ. ಚಿಕ್ಕ ಮಗು ಹೇಳಿಯೂ ಇತ್ತು. ಪೊಲೀಸ್ ಜೀಪಿನಲ್ಲಿ 'ನನ್ನನ್ನ ಅಮ್ಮನ ಮನೆಗೆ ಬಿಡಿ' ಎಂದು ಗಿರಗಿಟ್ಲೆ ದಾರಿಯುದ್ದಕ್ಕೂ ಹೇಳಿದಳೆಂದು ಅದೇ ಚಪ್ಪಲಿ ಅಂಗಡಿಯವರು, ಅವಳ ಜೊತೆ ಕೂತು ಬಂದವರು, ನಮಗೆ ತಿಳಿಸಿದರು. ನಿಮ್ಮವರು 'ಅಮ್ಮ' ಎಂದರೆ ಔತಣದಲ್ಲಿ ಹಾಡು ಹೇಳುತ್ತಿದ್ದ ನಾನು ಎಂದುಕೊಂಡರು. ಔತಣ ಮುಗಿದು ಫೋನು ನೋಡಿ ನಾವು ಓಡಿಬಂದಾಗ ತಾಯಿಯೆಂದು ಮಾತಾಡಿಸಿದ್ದೂ ನನ್ನನ್ನೇ.

ಮರುದಿನ ಬೆಳಗ್ಗೆ ಅಕ್ಕ ರಾತ್ರಿ ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ನಮ್ಮ ಬಾಗಿಲಿಗೆ ಬಂದರು. "ಏನಮ್ಮ, ನಮ್ಮ ಮಹಾರಾಣಿ ಇನ್ನೂ ಎದ್ದಿಲ್ವಾ?" ಎಂದು ನಗುತ್ತಾ ಕೇಳಿದರು. ಒಂದು ಇಡೀ ಇಲಾಖೆ, ಇಷ್ಟು ಸಿಬ್ಬಂದಿ, ಇಷ್ಟು ಫೋನುಗಳು ಇದ್ದೂ, ನಿನ್ನ ಮಗಳು ಸರ್ಕಾರದ ವಶದಲ್ಲಿದ್ದಾಳೆ ಎಂದು ತಾಯಿಗೆ ಹೇಳುವ ಕೆಲಸವನ್ನು ನೀವು ನನಗೆ ಬಿಟ್ಟಿದ್ದಿರಿ. ರಾತ್ರಿಯಿಡೀ ಗಾಡಿ ಓಡಿಸುವವರಿಗೆ ಫೋನಿನಲ್ಲಿ ಹೇಳುವ ಧೈರ್ಯ ನಮಗಿಬ್ಬರಿಗೂ ಬಂದಿರಲಿಲ್ಲ. ಹೇಗೆ ಹೇಳಿದೆನೋ ನೆನಪಿಲ್ಲ. ಅವರು ಗೋಡೆ ಹಿಡಿದು ಕೂತರು. ಆಮೇಲೆ ಅಲ್ಲಿಂದಲೇ ನಿಮ್ಮ ಕಚೇರಿಗೆ ಫೋನ್ ಮಾಡಿದರು. ಸ್ಪೀಕರಿಗೆ ಹಾಕಿ ನೆಲದ ಮೇಲಿಟ್ಟರು, ನಾವಿಬ್ಬರೂ ಕೇಳಿಸಿಕೊಂಡೆವು.

"ಯಾರು ಮಾತಾಡ್ತಿರೋದು?"

"ಮಗು ತಾಯಿ."

"ತಾಯಿ ಹತ್ರ ನಿನ್ನೇನೇ ಮಾತಾಡಿದೀವಲ್ಲ ಮೇಡಂ."

"ಯಾವ ತಾಯಿ ಹತ್ರ ಮಾತಾಡಿದ್ರಿ? ಹೆತ್ತವಳು ನಾನು."

"ಓ. ಮಗು ನಿಮ್ಮ ಜೊತೆ ವಾಸ ಇದೆಯಾ?"

"ಸದ್ಯಕ್ಕೆ ಅವರಪ್ಪನ ಹತ್ರ. ನನ್ನ ಪಾಳಿ ಬದಲಾಗಿ..."

"ಹಾಗಾದ್ರೆ ನಿಮಗೆ ಮಾಹಿತಿ ಕೊಡಕ್ಕೆ ಬರಲ್ಲ. ಗೌಪ್ಯತೆ."

"ಯಾರ ಗೌಪ್ಯತೆ ಸ್ವಾಮಿ?"

"ಆ ಕುಟುಂಬದ್ದು."

ಆ ಕುಟುಂಬ ಎಂದರೆ ಅವರ ಪಕ್ಕದಲ್ಲೇ, ಹಿಂದಿನ ದಿನದ ಓಲೆಗಳನ್ನು ಇನ್ನೂ ಬಿಚ್ಚದೆ ನಿಂತಿದ್ದ ನಾನು. ನನ್ನ ಮಾನ ಕಾಪಾಡಲು ನಿಮ್ಮ ಕಚೇರಿ ಎಷ್ಟು ಶಿಸ್ತಿನಿಂದ ಕೆಲಸ ಮಾಡಿತು! ನಾನು ಬೀಗ ಹಾಕಿಸಿದ ಮಗುವಿನ ವಿವರ ಆ ಮಗುವಿನ ತಾಯಿಗೆ ತಿಳಿಯದಂತೆ ನೋಡಿಕೊಂಡಿತು. ಇಂಥ ರಕ್ಷಣೆ ನನಗೆ ಬೇಕಿರಲಿಲ್ಲ ಮಾನ್ಯರೇ. ನೆಲ ಬಾಯಿಬಿಟ್ಟರೆ ಸಾಕೆನಿಸಿತ್ತು.

ತಪ್ಪು ಮಾಡಿದ ಇಬ್ಬರಿಗೆ ನೀವು ಏನೇನು ಕೊಟ್ಟಿರಿ ನೋಡಿ. ಮನೆಬಾಗಿಲಿಗೆ ನೋಟಿಸು. ನಮ್ಮ ಪರ ಮಾತಾಡಲು ಬಿಟ್ಟಿ ವಕೀಲರು. ಯಾವಾಗ ಬೇಕಾದರೂ ಫೋನ್ ಮಾಡಿ ಎಂದು ನಂಬರು ಕೊಟ್ಟುಹೋದ ಒಬ್ಬ ಕೇಸ್ ಕಾರ್ಯಕರ್ತೆ, ಒಳ್ಳೆಯ ಹುಡುಗಿ. 'ನೀವು ನಿಮ್ಮನ್ನೇ ದೂರಿಕೊಳ್ಳಬೇಡಿ' ಎಂಬ ಸಾಂತ್ವನ. ಏನೂ ತಪ್ಪು ಮಾಡದ ಒಬ್ಬರಿಗೆ ಕೊಟ್ಟದ್ದು ಗೌಪ್ಯತೆ ಎಂಬ ಒಂದು ಪದ. ಅಪರಿಚಿತರ ಪ್ರಾಣ ಹೊತ್ತು ಓಡಲು ಆ ಹೆಂಗಸಿಗೆ ಇದೇ ಸರ್ಕಾರ ಗಾಡಿಯ ಕೀಲಿ ಕೊಟ್ಟಿದೆ. ಊರಿನವರ ಮಕ್ಕಳನ್ನು ಅವರ ಕೈಗೊಪ್ಪಿಸಲು ಯಾರಿಗೂ ಅಡ್ಡಿಯಿಲ್ಲ. ಸ್ವಂತ ಮಗಳ ವಿಷಯಕ್ಕೆ ಬಂದಾಗ ಮಾತ್ರ 'ನೀವು ಯಾರು' ಎಂಬ ಪ್ರಶ್ನೆ.

ಅದರ ಮುಂದಿನ ವಾರ ನಿಮ್ಮ ಕಚೇರಿಯಲ್ಲಿ ಸಮಾಲೋಚನಾ ಸಭೆ ನಡೆಯಿತು. ನನ್ನ ನಾಚಿಕೆಯ ದೊಡ್ಡ ಪಾಲು ಆ ಕೋಣೆಯಲ್ಲಿದೆ, ಹಾಗಾಗಿ ಅಲ್ಲಿ ಏನಾಯಿತೆಂದು ಬಿಡಿಸಿ ಹೇಳಬೇಕು. ಮೊಟ್ಟೆಯಾಕಾರದ ಮೇಜು, ನಡುವೆ ಟಿಶ್ಯೂ ಡಬ್ಬಿ, ಮೂಲೆಯಲ್ಲಿ ಒಂದು ಚಕ್ರ ಕಳೆದುಕೊಂಡ ಆಟಿಕೆ ಲಾರಿ, ಸರಿಯಾಗಿ ಮುಚ್ಚದ ಕಿಟಕಿ. ಹೊರಗೆ ಬೆಂಚಿನ ಮೇಲೆ ನಾವು ಮೂವರು ಕಾಯುತ್ತಿದ್ದೆವು. ಕೇಸ್ ಕಾರ್ಯಕರ್ತೆ ಬಾಗಿಲು ತೆರೆದು "ತಂದೆ ತಾಯಿ ಒಳಗೆ ಬನ್ನಿ" ಎಂದಳು. ಮೂವರೂ ಎದ್ದೆವು. ಅವಳು ಅಕ್ಕನ ಕಡೆ ಕೈ ಅಡ್ಡ ಹಿಡಿದು, "ನೀವಲ್ಲ ಮೇಡಂ, ಇವರು" ಎಂದು ನನ್ನನ್ನು ತೋರಿಸಿದಳು.

"ಇವರೇ ಅವಳ ತಾಯಿ" ಎಂದರು ನಮ್ಮವರು.

"ಗೊತ್ತು ಸರ್, ಆದರೆ ಈ ಮನೆಯವರಲ್ವಲ್ಲ. ಬೇಕಾದ್ರೆ ಆಮೇಲೆ ಕರೀತೀವಿ."

ಆ 'ಆಮೇಲೆ' ಬರಲೇ ಇಲ್ಲ. ನಾನು ಒಳಗೆ ಹೋಗಿ ಕೂತೆ. ಕೂರಬಾರದಿತ್ತು, ಕೂತೆ. ಹೊಸ ಸೀರೆಯ ನೆರಿಗೆ ಸರಿಮಾಡಿಕೊಂಡು ಕೂತೆ.

ಸಭೆ ನಡೆಸುತ್ತಿದ್ದ ಹಿರಿಯ ಅಧಿಕಾರಿಣಿ ಮೃದುವಾಗಿ ಕೇಳಿದರು: "ಮಗುವಿಗೆ ಔಷಧಿ ಏನಾದರೂ ನಡೀತಿದೆಯಾ?" ನಮ್ಮವರಿಗೆ ಗಾಬರಿಯಾದರೆ ಕನ್ನಡಕ ಒರೆಸುವ ಚಾಳಿ. ಒರೆಸುತ್ತಾ, "ಕಿವಿದು ಏನೋ ಇತ್ತು... ಅವಳಮ್ಮ ಡಾಕ್ಟರ ಹತ್ರ ಕರ್ಕೊಂಡ್ ಹೋಗಿದ್ಲು" ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು. "ಒಂದ್ನಿಮಿಷ, ಬಾತ್‌ರೂಮು" ಎಂದು ಎದ್ದೆ.

ಕಾರಿಡಾರಿನಲ್ಲಿ ಅಕ್ಕ ನೀರಿನ ಕ್ಯಾನಿನ ಪಕ್ಕ ನಿಂತಿದ್ದರು. "ಅಕ್ಕ, ಬೇಗ ಹೇಳಿ, ಔಷಧಿ ಏನಾದ್ರೂ ಇದೆಯಾ ಅವಳಿಗೆ?"

"ಎಡಗಿವಿಗೆ ಹನಿ. ಬೆಳಗ್ಗೆ, ರಾತ್ರಿ. ಮಧ್ಯೆ ಬಿಡಬಾರದು ಅಂದಿದ್ದಾರೆ. ಹಾಕ್ಕೊಳ್ಳೋದು ಅವಳಿಗೇ ಬರುತ್ತೆ, ನೆನಪಿಸ್ಬೇಕು ಅಷ್ಟೆ, ದಿನಾ ನಾನೇ ಫೋನಲ್ಲಿ ನೆನಪಿಸ್ತಿದ್ದೆ. ಬಾಟ್ಲಿ ಬ್ಯಾಗಿನ ಪಕ್ಕದ ಜೇಬಲ್ಲಿದೆ." ಅಷ್ಟು ಹೇಳಿ ನನ್ನ ಮುಖ ನೋಡಿದರು. "ಯಾಕೆ, ಅಲ್ಲಿ ಹಾಕ್ತಿಲ್ವಾ?"

ಬ್ಯಾಗು ನಮ್ಮ ಮನೆಯಲ್ಲಿ ಕುರ್ಚಿಯ ಮೇಲಿತ್ತು. ಪೊಲೀಸರು ನಮಗೇ ತಂದುಕೊಟ್ಟಿದ್ದರು, ಅದರ ಜೇಬು ಯಾರೂ ತೆರೆದಿರಲಿಲ್ಲ. ಅಕ್ಕನಿಗೆ ಉತ್ತರ ಕೊಡದೆ ಒಳಗೆ ಓಡಿ, ಹನಿ, ಎಡಗಿವಿ, ಎರಡು ಹೊತ್ತು ಎಂದು ಒಪ್ಪಿಸಿದೆ. ಕೇಸ್ ಕಾರ್ಯಕರ್ತೆಯ ಮುಖ ಬಿಳಿಚಿತು. ವಾರದಿಂದ ಆ ಕಿವಿಗೆ ಒಂದು ಹನಿಯೂ ಬಿದ್ದಿರಲಿಲ್ಲ.

ಮುಂದಿನ ಪ್ರಶ್ನೆ: "ಚಿಕ್ಕಂದಿನಲ್ಲಿ ಎಲ್ಲಾದರೂ ಸಿಕ್ಕಿಹಾಕ್ಕೊಂಡು ಹೆದರಿದ್ದು ಇದೆಯಾ?" ಮತ್ತೆ ಬಾತ್‌ರೂಮು. ಅಕ್ಕ ಹೇಳಿದರು, "ನಾಲ್ಕು ವರ್ಷ ಇದ್ದಾಗ ನನ್ನ ಜೊತೇಲೇ ಲಿಫ್ಟಲ್ಲಿ ಸಿಕ್ಕಾಕ್ಕೊಂಡಿದ್ಲು. ಆವಾಗಿಂದ ಬಾಗಿಲು ಪೂರ್ತಿ ಹಾಕಿದ್ರೆ ಮಲಗಲ್ಲ. ಒಂದು ಚಪ್ಪಲಿ ಅಡ್ಡ ಇಟ್ಟಿರ್ಬೇಕು. ಅಲ್ಲಿ ಬಾಗಿಲು ಹಾಕ್ತಾರೇನೋ ಕೇಳು. ಕೇಳ್ತೀಯಾ?" ನಮ್ಮ ಮನೆಯಲ್ಲಿ ಅವಳ ಕೋಣೆಗೆ ಬಾಗಿಲಿಲ್ಲ, ಪರದೆ. ಹಾಗಾಗಿ ನಮಗೆ ಗೊತ್ತಾಗಿಯೇ ಇರಲಿಲ್ಲ. ಒಳಗೆ ಬಂದು ಲಿಫ್ಟು, ಬಾಗಿಲು, ಚಪ್ಪಲಿ ಎಲ್ಲ ಹೇಳಿದೆ.

ಮೂರನೆಯ ಸಲ ಎದ್ದಾಗ ಹಿರಿಯ ಅಧಿಕಾರಿಣಿ ಪೆನ್ನು ಕೆಳಗಿಟ್ಟು ನಕ್ಕರು. "ಏನಮ್ಮ, ಪದೇ ಪದೇ ಹೋಗ್ತಿದೀರ? ಹೊಸ ಮದುವೆ ಬೇರೆ. ಸಿಹಿ ಸುದ್ದಿನಾ?"

ಕೋಣೆ ಕಿಲಕಿಲ ಎಂದಿತು. ಸಭೆಗೆ ಕರೆಸಿದ್ದ ಗಿರಗಿಟ್ಲೆಯ ಶಾಲೆಯ ಟೀಚರು "ಅಯ್ಯೋ, ಕಂಗ್ರಾಟ್ಸ್" ಎಂದರು. ನಮ್ಮವರು ಗಾಬರಿಯಾಗಿ ಕನ್ನಡಕ ತೆಗೆದರು. ನಾನು ಇಲ್ಲ ಎನ್ನಲಿಲ್ಲ. ಇಲ್ಲ ಎಂದರೆ ಮತ್ತೆ ಹೊರಗೆ ಹೋಗಲು ಬೇರೆ ನೆಪ ಹುಡುಕಬೇಕಿತ್ತು. ಹೀಗೆ ನಿಮ್ಮ ಕಚೇರಿಯಲ್ಲಿ ನಾನು ಇಲ್ಲದ ಮಗುವಿನ ತಾಯಿಯೂ ಆದೆ.

ಕೊನೆಯಲ್ಲಿ ಅವರು ನನ್ನ ಕಡೆ ಬಾಗಿ ಹೇಳಿದರು: "ಮೂರೇ ತಿಂಗಳಲ್ಲಿ ಮಗುವನ್ನ ಇಷ್ಟು ಅರ್ಥ ಮಾಡ್ಕೊಂಡಿದೀರಲ್ಲ. ಎಷ್ಟೋ ಹೆತ್ತವರಿಗೂ ಇಷ್ಟು ಗೊತ್ತಿರಲ್ಲ."

ನಾನು ಥ್ಯಾಂಕ್ಯೂ ಎಂದೆ.

ಮಾನ್ಯರೇ, ನಾನು ಥ್ಯಾಂಕ್ಯೂ ಎಂದೆ. ಹೊಗಳಿದರೆ ಥ್ಯಾಂಕ್ಯೂ ಹೇಳಬೇಕೆಂದು ಚಿಕ್ಕಂದಿನಲ್ಲಿ ಕಲಿಸಿದ್ದರು, ಬಾಯಿಗೆ ಬಂದುಬಿಟ್ಟಿತು. ಅಷ್ಟೇ ಆಗಿದ್ದರೆ ಕ್ಷಮೆಯಿತ್ತೇನೋ. ಒಂದು ಕ್ಷಣ ನನಗೆ ನಿಜವಾಗಿಯೂ ಹೆಮ್ಮೆಯಾಯಿತು. ಬೆನ್ನು ನೆಟ್ಟಗಾಯಿತು. ನಮ್ಮವರು ನನ್ನನ್ನು ನೋಡಲಿ ಎನಿಸಿತು. ಸರಿಯಾಗಿ ಮುಚ್ಚದ ಆ ಕಿಟಕಿಯಾಚೆ ಕಾರಿಡಾರಿನಲ್ಲಿ ಅಕ್ಕನ ಬೂಟಿನ ಸದ್ದು ಅತ್ತ ಇತ್ತ ಓಡಾಡುತ್ತಿತ್ತು.

ಆಮೇಲೆ ನಿರ್ಣಯ ಓದಿದರು. ನಮಗಿಬ್ಬರಿಗೂ ಪೋಷಕರ ತರಬೇತಿ, ಅದು ಮುಗಿದ ಮೇಲೆ ಹಂತಹಂತವಾಗಿ ಮಗು ನಮ್ಮ ಮನೆಗೆ. ಅಲ್ಲಿಯವರೆಗೆ ಈಗಿರುವ ಅಪರಿಚಿತರ ಮನೆಯಲ್ಲೇ, ಏಕೆಂದರೆ ಮಗುವನ್ನು ನೋಡಿಕೊಳ್ಳಲು ಲಭ್ಯವಿರುವ ಬೇರೆ ಪೋಷಕರು ಇಲ್ಲ. 'ಇಲ್ಲ' ಎಂಬುದನ್ನು ಅವರು ಎಷ್ಟು ಸಲೀಸಾಗಿ ಓದಿದರೆಂದರೆ ನನಗೆ ತಡೆಯಲಾಗಲಿಲ್ಲ. "ಮೇಡಂ, ನಾನು ಕೊಟ್ಟ ಉತ್ತರ ಒಂದೂ ನನ್ನದಲ್ಲ. ಎಲ್ಲ ಹೊರಗೆ ನಿಂತಿರೋರದ್ದು. ನಾನು ಬಾತ್‌ರೂಮಿಗೆ ಹೋಗೇ ಇಲ್ಲ. ಅವರನ್ನ ಒಳಗೆ ಕರೀರಿ" ಎಂದೆ.

ಅವರು ನನ್ನ ಕೈ ತಟ್ಟಿದರು. "ಅದು ನಿಮ್ಮ ದೊಡ್ಡ ಗುಣ ಕಣಮ್ಮ. ಆದರೆ ಇವತ್ತಿನ ವಿಷಯ ಅದಲ್ಲ."

ನೋಡಿ, ಸುಳ್ಳು ಹೇಳಿದಾಗಲೂ ಶಹಬಾಸ್, ನಿಜ ಹೇಳಿದಾಗಲೂ ಶಹಬಾಸ್. ಒಳಗಿರುವವರು ಏನು ಮಾಡಿದರೂ ಒಳ್ಳೆಯವರು. ಹೊರಗಿರುವವರು ಏನೂ ಮಾಡದಿದ್ದರೂ ಸಂಶಯಕ್ಕೆ ಪಾತ್ರರು. ಇದು ನಿಮ್ಮ ನಿಯಮದ ತಿರುಳು.

ನಿಮ್ಮ ಉತ್ತರ ಏನೆಂದು ಊಹಿಸಬಲ್ಲೆ. ಬೇರೆ ಮನೆಯಲ್ಲಿರುವ ಎಲ್ಲ ಅಪ್ಪ ಅಮ್ಮಂದಿರೂ ಅಕ್ಕನಂಥವರಲ್ಲ. ಹೊಡೆದು ಬಡಿದು ಮಾಡಿ, ಮನೆಯವರೇ ತಪ್ಪಿಸಿಕೊಂಡು ಬಂದಂಥ ಮನುಷ್ಯರಿದ್ದಾರೆ. ಅಂಥವರಿಗೆ ಮಗುವಿನ ಸುಳಿವು ಕೊಟ್ಟರೆ ಅನಾಹುತ. ಒಪ್ಪುತ್ತೇನೆ, ನೂರಕ್ಕೆ ನೂರು ಒಪ್ಪುತ್ತೇನೆ. ಅಂಥವರನ್ನು ಹೊರಗಿಡಿ. ಆದರೆ ವಿಚಾರಿಸಿ ಹೊರಗಿಡಿ, ಕಾರಣ ಬರೆದು ಹೊರಗಿಡಿ, ಆ ಕಾರಣವನ್ನು ಪ್ರಶ್ನಿಸಲು ಅವರಿಗೊಂದು ದಾರಿ ಕೊಟ್ಟು ಹೊರಗಿಡಿ. ಅಕ್ಕನ ವಿಷಯದಲ್ಲಿ ನೀವು ಏನು ವಿಚಾರಿಸಿದಿರಿ? ಅವರ ಮನೆಗೆ ಯಾರು ಹೋಗಿದ್ದರು? ಅವರ ಮೇಲೆ ಯಾರ ದೂರು ಇತ್ತು? ಪೋಷಕತ್ವವನ್ನು ತೆಗೆದುಹಾಕುವ ಅಧಿಕಾರ ನ್ಯಾಯಾಲಯಕ್ಕಿದೆ, ಅದೂ ಎರಡೂ ಕಡೆ ಕೇಳಿದ ಮೇಲೆ. ನ್ಯಾಯಾಲಯ ಇಟ್ಟದ್ದನ್ನು ನಿಮ್ಮ ಕಚೇರಿ ಮನೆಯ ನಂಬರು ನೋಡಿ ತೆಗೆದುಹಾಕಿದೆ. ಇದನ್ನು ಕಾನೂನು ಎಂದು ಕರೆಯಲು ನನಗೆ ಬಾಯಿ ಬರುತ್ತಿಲ್ಲ. ಹೆಚ್ಚೆಂದರೆ ಅಂಚೆಯಣ್ಣನ ಕೆಲಸ ಎನ್ನಬಹುದು. ಅವನಾದರೂ ಹೆಸರು ನೋಡಿ ಕಾಗದ ಕೊಡುತ್ತಾನೆ.

ಕಳೆದ ವಾರ ಭೇಟಿಯ ದಿನ. ಭೇಟಿಗೆ ಅವಕಾಶವಿರುವುದು ಮನೆಯವರಿಗೆ ಮಾತ್ರ. ನಮ್ಮವರಿಗೆ ಅಂದು ನಿಮ್ಮದೇ ತರಬೇತಿ ಇತ್ತು, ಆದ್ದರಿಂದ ನಾನೊಬ್ಬಳೇ ಹೋದೆ. ಒಬ್ಬ ಮೇಲ್ವಿಚಾರಕಿ ಗೋಡೆಗೆ ಆತು ಕೂತಿದ್ದರು. ಗಿರಗಿಟ್ಲೆ ಕುರ್ಚಿಯಲ್ಲಿ ಕೂತಿದ್ದಳು. ಕೂತೇ ಇದ್ದಳು, ಅದು ನನಗೆ ಹೆದರಿಕೆ ಹುಟ್ಟಿಸಿತು. ಕಿವಿಗೆ ಹತ್ತಿ ಇಟ್ಟಿದ್ದರು.

"ನೀವ್ ಬಂದ್ರಾ" ಎಂದಳು. ಅವಳಿಗೆ ನಾನಿನ್ನೂ 'ನೀವು'. ನನ್ನ ಹಿಂದಿನ ಬಾಗಿಲನ್ನೇ ನೋಡುತ್ತಿದ್ದಳು. "ಅಮ್ಮ ಯಾಕೆ ಬರ್ತಿಲ್ಲ? ನಾನು ಅಂಗಡಿ ಹಿಂದೆ ಹೋಗಿ ಮಲಗಿದ್ದಕ್ಕೆ ಸಿಟ್ಟಾ?"

"ಇಲ್ಲ ಪುಟ್ಟ, ಸಿಟ್ಟಿಲ್ಲ. ಅವರನ್ನ ಇಲ್ಲಿ ಒಳಗೆ..."

"ಮೇಡಂ," ಮೇಲ್ವಿಚಾರಕಿ ಗೋಡೆಯ ಕಡೆಯಿಂದ ಎಚ್ಚರಿಸಿದರು, "ಕೇಸಿನ ವಿಷಯ ಮಗು ಹತ್ರ ಮಾತಾಡೋ ಹಾಗಿಲ್ಲ."

ಗಿರಗಿಟ್ಲೆ ಅವರನ್ನು ನೋಡಿದಳು, ನನ್ನನ್ನು ನೋಡಿದಳು, ತನ್ನ ಬೆರಳು ನೋಡಿಕೊಂಡಳು. "ಹಾಗಾದ್ರೆ ಸಿಟ್ಟೇ" ಎಂದಳು.

ನೀವು ಮಗುವನ್ನು ಯಾರಿಂದ ರಕ್ಷಿಸುತ್ತಿದ್ದೀರಿ ಮಾನ್ಯರೇ? ಬೀಗ ಹಾಕಿದವರನ್ನು ಕರೆದು ಮಗುವಿನ ಎದುರು ಕೂರಿಸಿದ್ದೀರಿ. ಬೀಗದ ಸುದ್ದಿ ತಿಳಿದು ಗೋಡೆ ಹಿಡಿದು ಕೂತವರನ್ನು ಮಗುವಿನ ಕಣ್ಣಿಂದ ಮರೆಮಾಡಿದ್ದೀರಿ. ತಾನು ನಿದ್ದೆ ಮಾಡಿದ್ದರಿಂದ ಅಮ್ಮ ಬಿಟ್ಟುಹೋದಳು ಎಂದು ಆ ಮಗು ನಂಬಿಕೊಂಡಿದೆ. ಆ ನಂಬಿಕೆ ಹುಟ್ಟಿದ್ದು ನಮ್ಮ ಅಂಗಡಿಯಲ್ಲಲ್ಲ, ನಿಮ್ಮ ಭೇಟಿ ಕೋಣೆಯಲ್ಲಿ.

ಆ ಮಾತನ್ನು ನಮ್ಮವರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. ಆಮೇಲೆ, "ಅವಳನ್ನ ಅವರಮ್ಮನ ಮನೆಗೇ ಕಳಿಸಿ ಅಂತ ಬರೆದುಕೊಡೋಣ. ನಮಗೆ ವಾಪಸ್ ಬೇಡ. ಮೊದಲು ಅಮ್ಮನ ಹತ್ರ ಹೋಗ್ಲಿ" ಎಂದರು. ಅಕ್ಕನಿಗೆ ಫೋನ್ ಮಾಡಿದೆವು. ಅವರು ಆಗಲೇ ಹಗಲು ಪಾಳಿ ಕೇಳಿ ಬರೆಸಿಕೊಂಡಿದ್ದರು. "ನೀವು ಕೊಡ್ತೀರೋ ಬಿಡ್ತೀರೋ ಅಂತ ನಾನ್ ಕಾಯ್ಕೊಂಡ್ ಕೂತಿದ್ದೆ ಅಂದ್ಕೊಂಡ್ರಾ?" ಎಂದರು. ಬೈದರೋ ನಕ್ಕರೋ ತಿಳಿಯಲಿಲ್ಲ. ಎರಡೂ ಇರಬೇಕು.

ನಮ್ಮವರು ಒಪ್ಪಿಗೆ ಪತ್ರ ಬರೆದರು. ಸಹಿ ಹಾಕುವ ಮುಂಚೆ ಪೆನ್ನು ಎತ್ತಿ ನನ್ನನ್ನು ಕೇಳಿದರು:

"ಅವಳು ಅಲ್ಲಿಗೆ ಹೋದ್ಮೇಲೆ, ನಾನು ಬೇರೆ ಮನೇಲಿರೋ ಅಪ್ಪ ಅಲ್ವಾ?"

"ಹೂಂ."

"ನಾಳೆ ಅವಳಿಗೆ ಏನಾದ್ರೂ ಆದ್ರೆ ನನಗೆ ಯಾರು ಹೇಳ್ತಾರೆ?"

"ಅಕ್ಕ ಹೇಳ್ತಾರೆ."

"ಅವಳು ಹೇಳ್ತಾಳೆ. ನಾನು ಅವಳಿಗೆ ಹೇಳದೆ ಹೋದ್ರೂ, ಅವಳು ನನಗೆ ಹೇಳ್ತಾಳೆ. ಆದ್ರೆ ಆ ಆಫೀಸಿನವರು ಹೇಳಲ್ಲ" ಎಂದರು.

ನನ್ನ ಬೇಡಿಕೆಗಳು ಇಷ್ಟು. ಮಗುವನ್ನು ಈ ವಾರವೇ ಅದರ ತಾಯಿಯ ಮನೆಗೆ ಕಳುಹಿಸಿ. ಬೇಕಿದ್ದರೆ ಮೊದಲು ಆ ಮನೆಗೆ ಹೋಗಿ ನೋಡಿ, ಅಕ್ಕನನ್ನು ಕೂರಿಸಿಕೊಂಡು ಎಷ್ಟು ಪ್ರಶ್ನೆ ಬೇಕಾದರೂ ಕೇಳಿ. ಈ ಸಲ ಉತ್ತರ ತರಲು ಯಾರೂ ಎದ್ದು ಓಡಬೇಕಾಗುವುದಿಲ್ಲ. ಒಂದೇ ಸೂರಿನಡಿ ಇರಲಿ ಇಲ್ಲದಿರಲಿ, ಪ್ರತಿ ಮಗುವಿನ ಪ್ರಕರಣದಲ್ಲೂ ಇಬ್ಬರು ಪೋಷಕರಿಗೂ ಅದೇ ದಿನ ಸುದ್ದಿ ಮುಟ್ಟಲಿ, ಸಭೆಗೆ ಕರೆ ಹೋಗಲಿ, ವಕೀಲರ ನೆರವು ಸಿಗಲಿ. ಮಗುವನ್ನು ಪರರ ಮನೆಗೆ ಒಪ್ಪಿಸುವ ಮುನ್ನ ಇನ್ನೊಬ್ಬ ಪೋಷಕರ ಬಾಗಿಲು ತಟ್ಟುವುದು ನಿಮ್ಮ ಸಿಬ್ಬಂದಿಯ ದೊಡ್ಡ ಗುಣವಾಗದೆ, ಕರ್ತವ್ಯವಾಗಲಿ. ಯಾರನ್ನಾದರೂ ಹೊರಗಿಡುವುದಾದರೆ ಕಾರಣ ಕಾಗದದ ಮೇಲೆ ಬರಲಿ. ಮತ್ತು ಅಮ್ಮನಿಗೆ ಸಿಟ್ಟಿರಲಿಲ್ಲ ಎಂದು ಆ ಮಗುವಿಗೆ ನಿಮ್ಮ ಕಚೇರಿಯ ಯಾರಾದರೊಬ್ಬರು ಎದುರು ಕೂತು, ಅದಕ್ಕೆ ಅರ್ಥವಾಗುವ ಮಾತಿನಲ್ಲಿ ಹೇಳಲಿ. ನಾವು ಹೇಳಬಾರದಂತೆ, ನೀವು ಹೇಳಿ.

ನಮ್ಮವರು ಸಹಿ ಹಾಕಿದ್ದಾರೆ. ಮಗಳನ್ನು ಅಮ್ಮನ ಹತ್ತಿರ ಕಳಿಸಿದರೆ ನಿಮ್ಮ ಪಾಲಿಗೆ ತಾವೇ ಇಲ್ಲದವರಾಗುವುದು ಗೊತ್ತಿದ್ದೇ ಹಾಕಿದ್ದಾರೆ. ಆ ಕಾಗದವನ್ನು ನಾಳೆ ನಾನೇ ತಂದು ನಿಮ್ಮ ಟಪಾಲು ವಿಭಾಗದಲ್ಲಿ ಕೊಡುತ್ತೇನೆ. ಅದನ್ನು ತೆಗೆದುಕೊಳ್ಳುವ ಕೈ, ಕೊಟ್ಟವನನ್ನೂ ಅಪ್ಪ ಎಂದು ಗುರುತಿಟ್ಟುಕೊಳ್ಳಲಿ.

ಇಂತಿ,
ವಿಳಾಸವೊಂದರ ದೆಸೆಯಿಂದ ನಿಮ್ಮಲ್ಲಿ ತಾಯಿಯಾದ,
ಮನೆಯಲ್ಲಿ ಇನ್ನೂ 'ನೀವು' ಆಗಿಯೇ ಉಳಿದ
ಒಬ್ಬ ಹೊಸ ಹೆಂಡತಿ